ಅಮ್ಮನ ಮಿದುಳು

ಆ ಸಂಶೋಧನಾ ಕೇಂದ್ರದಲ್ಲಿ ಇಬ್ಬರು ವಿಜ್ಞಾನಿಗಳು ಒಂದೇ ಲಿಫ್ಟಿನಲ್ಲಿ ಹೋಗುತ್ತಿರಲಿಲ್ಲ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಂತು, ಏನನ್ನೋ ಮರೆತು ಬಂದವರ ಹಾಗೆ ಜೇಬು ತಡವಿಕೊಂಡು, ಮೆಟ್ಟಿಲ ಕಡೆ ನಡೆದುಬಿಡುತ್ತಿದ್ದರು. ಮರೆವಿನ ಕಾಯಿಲೆಯನ್ನು ಅಧ್ಯಯನ ಮಾಡುವವರೇ ಮರೆವಿನ ನಾಟಕ ಆಡುವುದನ್ನು ಕಂಡು ಉಳಿದವರು ಮುಸಿಮುಸಿ ನಗುತ್ತಿದ್ದರು.

ಮೇಲಿನ ಮಹಡಿಯಲ್ಲಿ ಅವರಲ್ಲೊಬ್ಬಳ ಪ್ರಯೋಗಾಲಯ. ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ ಜೀವಕೋಶಗಳ ನಡುವೆ ಒಂದು ಬಗೆಯ ಪ್ರೋಟೀನು ಹೆಪ್ಪುಗಟ್ಟಿ ಗರಣೆಗಳಾಗಿ ಕೂರುತ್ತದೆ. ಅವೇ ಎಲ್ಲ ಅನಾಹುತದ ಮೂಲ, ಅವನ್ನು ಕರಗಿಸಿದರೆ ನೆನಪು ಉಳಿಯುತ್ತದೆ ಎಂಬುದು ಅವಳ ನಂಬಿಕೆ. ಅದನ್ನು ನಂಬಿಕೆ ಎಂದರೆ ಅವಳಿಗೆ ಮೈ ಉರಿಯುತ್ತಿತ್ತು, ಪುರಾವೆ ಎನ್ನಬೇಕು. ಹರೆಯದಲ್ಲಿ ಹಿಡಿದ ಆ ದಾರಿಯನ್ನು ಕೂದಲು ನೆರೆತರೂ ಬಿಟ್ಟಿರಲಿಲ್ಲ. ಇಲಿಗಳ ತಲೆಯಲ್ಲಿ ಗರಣೆ ಬೆಳೆಸಿದಳು, ಕರಗಿಸಿದಳು. ಕರಗಿದ ಮೇಲೆ ಅದೇ ಇಲಿಗಳು ತೊಟ್ಟಿಯ ನೀರಲ್ಲಿ ಮುಳುಗಿಸಿಟ್ಟ ಮಣೆಯ ಜಾಗವನ್ನು ನೆನಪಿಟ್ಟುಕೊಂಡು ಮತ್ತೆ ಈಜಿ ಮುಟ್ಟುವುದನ್ನು ತೋರಿಸಿ ಹೆಸರು ಮಾಡಿದಳು. ಅವಳ ಕೆಲಸದ ತಳಹದಿಯ ಮೇಲೆಯೇ ಒಂದು ಔಷಧಿ ಬಂತು, ನರಕ್ಕೆ ಹನಿಹನಿಯಾಗಿ ಇಳಿಸುವಂಥದ್ದು. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಗರಣೆ ಮೇಡಂ' ಎನ್ನುತ್ತಿದ್ದರು.

ನೆಲಮಾಳಿಗೆಯಲ್ಲಿದ್ದವನು ರೋಗಶಾಸ್ತ್ರಜ್ಞ. ಸತ್ತವರ ಮನೆಯವರು ದಾನವಾಗಿ ಕೊಟ್ಟ ಮಿದುಳುಗಳನ್ನು ಹೋಳು ಮಾಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಬದುಕಿದ್ದಾಗ ಡಾಕ್ಟರು ಹೇಳಿದ ಕಾಯಿಲೆ ನಿಜವಾಗಿ ಇತ್ತೋ ಇಲ್ಲವೋ ನೋಡುವುದು ಅವನ ಕೆಲಸ. ಅವನಿಗೆ 'ಗರಗಸ' ಎಂದು ಹೆಸರಿಟ್ಟಿದ್ದರು. ಕೈಯಲ್ಲಿನ ಉಪಕರಣಕ್ಕೂ ಆ ಹೆಸರು ಒಪ್ಪುತ್ತಿತ್ತು, ನಾಲಿಗೆಗೂ ಒಪ್ಪುತ್ತಿತ್ತು.

ಅವರ ನಡುವಿನ ಜಗಳ ಶುರುವಾದದ್ದು ಒಂದು ತುಂಬಿದ ಸಭೆಯಲ್ಲಿ. ಅವಳು ತನ್ನ ಇಲಿಗಳ ಚಿತ್ರ ತೋರಿಸಿ ಚಪ್ಪಾಳೆ ಗಿಟ್ಟಿಸಿ ಕೂರುವಷ್ಟರಲ್ಲಿ ಹಿಂದಿನ ಸಾಲಿನಿಂದ ಗರಗಸ ಎದ್ದು ನಿಂತ.

"ಮೇಡಂ, ನಿಮ್ಮ ಇಲಿಗಳಿಗೆ ಕಾಯಿಲೆ ಕೊಟ್ಟೋರೂ ನೀವೇ, ವಾಸಿ ಮಾಡಿದೋರೂ ನೀವೇ. ಸಂತೋಷ. ಆದ್ರೆ ನನ್ನ ಮೇಜಿನ ಮೇಲೆ ಬರೋ ಮುದುಕರು ನಿಮ್ಮ ಪಂಜರದಲ್ಲಿ ಹುಟ್ಟಿದೋರಲ್ಲ. ಎಂಬತ್ತು ದಾಟಿದ ಎಷ್ಟೋ ಜನಕ್ಕೆ ಅಲ್ಝೈಮರ್ ಅಂತ ಚೀಟಿ ಅಂಟಿಸಿ ಕಳಿಸಿರ್ತೀರಿ. ತೆಗೆದು ನೋಡಿದ್ರೆ ಒಳಗಿರೋ ಕಾಯಿಲೆಯೇ ಬೇರೆ."

ಅವಳು ಮೈಕನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಸಾರ್, ನೀವು ಯಾವಾಗಲೂ ರೈಲು ಹೋದ ಮೇಲೆ ಸ್ಟೇಷನ್ನಿಗೆ ಬರೋರು. ಸತ್ತೋರಿಗೆ ರೋಗ ಹೇಳೋಕೆ ಏನು ಎದೆಗಾರಿಕೆ ಬೇಕು? ಬದುಕಿರೋರ ಕಣ್ಣಲ್ಲಿ ಕಣ್ಣಿಟ್ಟು ಔಷಧಿ ಕೊಡಿ ನೋಡೋಣ."

ಸಭೆ ಘೊಳ್ಳೆಂದು ನಕ್ಕಿತು. ಅವನು ನಗಲಿಲ್ಲ. ಮುಂದಿನ ವರ್ಷ ಅವಳ ಲೇಖನವೊಂದು ತಜ್ಞರ ಪರಿಶೀಲನೆಗೆ ಹೋದಾಗ ಯಾರೋ ಅದನ್ನು ಹಿಂಜಿ ಹಿಂಜಿ ಚಿಂದಿ ಮಾಡಿದರು. ಹೆಸರು ಹಾಕಿರಲಿಲ್ಲ, ಆದರೆ ಆ ಶೈಲಿ ಅವಳಿಗೆ ಗೊತ್ತಿತ್ತು. ಅವನು ಮಿದುಳುಗಳನ್ನಿಡಲು ಇನ್ನೊಂದು ಶೈತ್ಯಕೋಣೆ ಕೇಳಿದಾಗ ಸಮಿತಿಯಲ್ಲಿದ್ದ ಅವಳು ಅದೊಂದು ಇದೊಂದು ಕುಂಟುನೆಪ ತೆಗೆದು, ಆ ಜಾಗವನ್ನು ತನ್ನ ಇಲಿಗಳಿಗೆ ಮಾಡಿಕೊಂಡಳು. ಹೀಗೆ ವರ್ಷಗಳು ಉರುಳಿದವು. ಇಬ್ಬರೂ ಒಬ್ಬರನ್ನೊಬ್ಬರು ದ್ವೇಷಿಸುತ್ತ ಚೆನ್ನಾಗಿಯೇ ಇದ್ದರು.

ಅವಳ ಅಮ್ಮ ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಸಾರುವ ಕೆಲಸದಲ್ಲಿದ್ದವಳು. ಧ್ವನಿವರ್ಧಕದಲ್ಲಿ ಅವಳ ಗಂಟಲು ಕೇಳಿ ಊರಿನವರು ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಅಮ್ಮ ದೊಡ್ಡ ಮಗಳ ಜೊತೆಗಿದ್ದಳು. ಅಕ್ಕ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಎತ್ತರದ ಆಳು, ದೊಡ್ಡ ದನಿ; ಬೀದಿಯ ತರಕಾರಿಯವನೂ ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ತಂಗಿಯನ್ನು ಓದಿಸಿದ್ದು ಅಕ್ಕನೇ. ಹಾಗಾಗಿ ಸಿಟ್ಟು ಬಂದಾಗ "ಡಾಕ್ಟರಮ್ಮ" ಎಂದು ಕರೆಯುವ ಹಕ್ಕನ್ನೂ ಅವಳೇ ಇಟ್ಟುಕೊಂಡಿದ್ದಳು.

ಅಮ್ಮನಿಗೆ ಎಂಬತ್ತನಾಲ್ಕು ದಾಟಿದ ಮೇಲೆ ಮರೆವು ಶುರುವಾಯಿತು. ಮೊದಮೊದಲು ಒಲೆ ಆರಿಸುವುದು, ಆಮೇಲೆ ನೆರೆಯವರ ಹೆಸರು, ಆಮೇಲೆ ಬೆಳಿಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ಇಲ್ಲ. ಹಳೆಯ ಕೆಲಸ ಮಾತ್ರ ನಾಲಿಗೆ ಮೇಲೆ ಹಾಗೇ ಉಳಿದಿತ್ತು. ಯಾರಾದರೂ ಬಾಗಿಲು ತಟ್ಟಿದರೆ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಪ್ರಯಾಣಿಕರ ಗಮನಕ್ಕೆ, ತಡವಾಗಿ ಬರುತ್ತಿರುವ ಗಾಡಿ ಇನ್ನು ಕೆಲವೇ ಕ್ಷಣಗಳಲ್ಲಿ" ಎಂದು ಶುರುಮಾಡುತ್ತಿದ್ದಳು. ಹಾಲಿನವನಿಗೆ ಇದು ಎಷ್ಟು ಇಷ್ಟವಾಯಿತೆಂದರೆ ಬೇಕೆಂದೇ ಎರಡು ಸಲ ಬಾಗಿಲು ತಟ್ಟುತ್ತಿದ್ದ.

ಒಂದು ಭಾನುವಾರ ಚಿಕ್ಕ ಮಗಳು ಬಂದು ಅಮ್ಮನೆದುರು ಕೂತು ಕೆಲವು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದಳು, ಗಡಿಯಾರದ ಚಿತ್ರ ಬರೆಸಿದಳು. ಅಮ್ಮ ಗಡಿಯಾರವನ್ನು ಮುದ್ದಾಗಿ ಬರೆದಳು. ಪದಗಳು ಮಾತ್ರ ಒಂದೂ ಉಳಿದಿರಲಿಲ್ಲ.

"ಅಲ್ಝೈಮರ್," ಎಂದಳು ಅವಳು ಅಡುಗೆಮನೆಗೆ ಬಂದು.

"ಇಷ್ಟು ಬೇಗ ಗೊತ್ತಾಗಿಬಿಡುತ್ತಾ?" ಅಕ್ಕ ಕೇಳಿದಳು.

"ಅಕ್ಕ, ನನ್ನ ಜೀವನ ಪೂರ್ತಿ ಮಾಡಿರೋದು ಇದೇ ಕೆಲಸ."

ಅವಳ ಹಳೆಯ ಶಿಷ್ಯನೊಬ್ಬ ಈಗ ಆಸ್ಪತ್ರೆಯೊಂದರಲ್ಲಿ ನರರೋಗ ವೈದ್ಯನಾಗಿದ್ದ. ಅವನ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋದರು. ಗರಣೆ ಇದೆಯೋ ಇಲ್ಲವೋ ತೋರಿಸುವ ಸ್ಕ್ಯಾನ್ ಯಂತ್ರದೊಳಗೆ ಅಮ್ಮ ಒಂದು ಗಳಿಗೆ ಸುಮ್ಮನೆ ಮಲಗಲಿಲ್ಲ. ಹೆದರಿ ತಲೆ ಆಡಿಸಿದಳು, ಎದ್ದು ಕೂರಲು ನೋಡಿದಳು. ಚಿತ್ರ ಮಸುಕುಮಸುಕಾಗಿ ಬಂತು. ಶಿಷ್ಯ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಮೇಡಂ, ಇದರಲ್ಲಿ ಏನೂ ಹೇಳೋಕಾಗಲ್ಲ. ಸ್ವಲ್ಪ ನಿದ್ದೆ ಮದ್ದು ಕೊಟ್ಟು ಇನ್ನೊಂದು ಸಲ ಮಾಡಿಬಿಡೋಣ," ಎಂದ.

ಅವಳು ಪರದೆಯ ಹತ್ತಿರ ಬಗ್ಗಿದಳು. ಆ ಮಸುಕಿನಲ್ಲಿ ಅವಳಿಗೆ ಬೇಕಾದದ್ದು ಅವಳಿಗೆ ಕಂಡಿತು. "ಇಲ್ಲಿ ನೋಡು. ಇಲ್ಲೂ ನೋಡು. ಇದ್ದೇ ಇದೆ. ಮುದುಕಿಯನ್ನ ಇನ್ನೊಂದು ಸಲ ಯಾಕೆ ಹಿಂಸೆ ಮಾಡ್ತೀಯ? ತಡ ಮಾಡಿದಷ್ಟೂ ನಷ್ಟ. ಶುರು ಮಾಡು."

ಶಿಷ್ಯ ಔಷಧಿ ಚೀಟಿ ಎಳೆದುಕೊಂಡ. ಅವನಿಗೆ ಡಾಕ್ಟರೇಟ್ ಕೊಡಿಸಿದವಳು ಅವಳೇ. ಬರೆದುಕೊಟ್ಟ.

ಹಾಗೆ ಅವಳ ಔಷಧಿ ಅವಳ ಅಮ್ಮನ ನರಕ್ಕೆ ಇಳಿಯತೊಡಗಿತು. ಮೊದಲ ದಿನ ಅವಳೇ ಪಕ್ಕದಲ್ಲಿ ಕೂತಿದ್ದಳು. ಕೊಳವೆಯಲ್ಲಿ ಹನಿ ಬೀಳುವುದನ್ನು ನೋಡುತ್ತಿದ್ದರೆ ಅವಳಿಗೆ, ಇಷ್ಟು ವರ್ಷ ದುಡಿದದ್ದು ಕೊನೆಗೂ ಮನೆಗೆ ಬಂತಲ್ಲ ಅನ್ನಿಸಿತು. ಆ ದಿನ ಆಸ್ಪತ್ರೆಯಿಂದ ಹೊರಬರುವಾಗ ಅವಳಷ್ಟು ಸಂತೋಷದಿಂದಿದ್ದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಅದಾದ ಮೇಲೆ ಪ್ರತಿ ಸಲ ಕರೆದುಕೊಂಡು ಹೋದವಳು ಅಕ್ಕ.

ಕೆಲವು ತಿಂಗಳಿಗೆ ಅಮ್ಮನಿಗೆ ತಲೆನೋವು ಬಂತು. ಬಚ್ಚಲಲ್ಲಿ ಬಿದ್ದಳು. ಎಡಗೈಯಲ್ಲಿ ಹಿಡಿದ ಲೋಟ ಜಾರತೊಡಗಿತು. ಮತ್ತೆ ಸ್ಕ್ಯಾನ್ ಮಾಡಿಸಿದಾಗ ಮಿದುಳಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ರಕ್ತಸ್ರಾವದ ಕಲೆಗಳು ಕಂಡವು. ಈ ಔಷಧಿಯಿಂದ ಹೀಗಾಗಬಹುದೆಂದು ಎಲ್ಲರಿಗೂ ಗೊತ್ತಿದ್ದದ್ದೇ. ಶಿಷ್ಯ ನಿಲ್ಲಿಸೋಣ ಎಂದ. ಸ್ವಲ್ಪ ದಿನ ಬಿಟ್ಟು ಮತ್ತೆ ಶುರು ಮಾಡೋಣ ಎಂದಳು ಅವಳು. ಮತ್ತೆ ಶುರುವಾಯಿತು.

ಅಕ್ಕ ಅವತ್ತು ಪ್ರಯೋಗಾಲಯಕ್ಕೇ ಬಂದಳು. ಯಾವತ್ತೂ ಬಂದವಳಲ್ಲ. ಗಾಜಿನ ಬಾಗಿಲು ತಳ್ಳಿ, ವಿದ್ಯಾರ್ಥಿಗಳ ಸಾಲು ದಾಟಿ, ನೇರ ಅವಳ ಮೇಜಿನ ಮುಂದೆ ನಿಂತಳು.

"ಆ ಇಂಜೆಕ್ಷನ್ ನಿಲ್ಲಿಸು."

"ಅಕ್ಕ, ಇಲ್ಲಿ ಬೇಡ. ಸಂಜೆ ಬರ್ತೀನಿ, ಮಾತಾಡೋಣ."

"ಇಲ್ಲೇ ಬೇಕು. ಪ್ರತಿ ಸಲ ಹಾಕಿಸಿಕೊಂಡು ಬಂದ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಾಳೆ. ಅನ್ನ ಬೇಡ, ನೀರು ಬೇಡ. ತಲೆ ಹಿಡ್ಕೊಂಡು ನರಳ್ತಾಳೆ. ನೀನು ನೋಡಿದೀಯಾ ಅದನ್ನ? ನೀನು ಬರೋದು ಭಾನುವಾರ. ಅಷ್ಟೊತ್ತಿಗೆ ನಾನು ತಲೆ ಬಾಚಿ ಕೂರಿಸಿರ್ತೀನಿ."

"ಇದು ಕೆಲಸ ಮಾಡೋಕೆ ಸಮಯ ಬೇಕಕ್ಕ. ಮಧ್ಯದಲ್ಲಿ ಕೈಬಿಟ್ಟರೆ ಇಷ್ಟು ದಿನ ಅನುಭವಿಸಿದ್ದೆಲ್ಲ ದಂಡ."

"ಯಾರು ಅನುಭವಿಸಿದ್ದು?"

ವಿದ್ಯಾರ್ಥಿಗಳೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಗಾಜಿನ ನಳಿಗೆಗಳಲ್ಲಿ ಮುಳುಗಿದ್ದರು. ಅವಳು, "ನಿನಗೆ ಇದೆಲ್ಲ ಅರ್ಥ ಆಗಲ್ಲ," ಎಂದುಬಿಟ್ಟಳು. ಅಂದ ಕ್ಷಣವೇ ಅದನ್ನು ನುಂಗಿಕೊಳ್ಳಬೇಕೆನ್ನಿಸಿತು. ಅಕ್ಕ ಅವಳ ಮುಖ ನೋಡಿದಳು, ತಪ್ಪು ಲೆಕ್ಕ ಬರೆದ ಹುಡುಗಿಯನ್ನು ನೋಡುವ ಹಾಗೆ. "ಸರಿ, ಡಾಕ್ಟರಮ್ಮ," ಎಂದು ಹೊರಟುಹೋದಳು.

ಅಮ್ಮ ಇನ್ನೊಂದು ವರ್ಷ ಬದುಕಿದಳು. ಕೊನೆಕೊನೆಗೆ ಗಾಡಿಗಳ ಹೊತ್ತು ಸಾರುವುದೂ ನಿಂತಿತ್ತು. ನ್ಯುಮೋನಿಯಾ ಬಂತು, ಆಸ್ಪತ್ರೆಗೆ ಸೇರಿಸಿದರು, ಒಂದು ಬೆಳಿಗ್ಗೆ ದಾದಿ ಹಾಸಿಗೆಯ ಪಕ್ಕದ ಪರದೆ ಎಳೆದಳು.

ಹೊರಗಿನ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿತ್ತು. ಅಕ್ಕ ಒಂದು ತುದಿಯಲ್ಲಿ, ಅವಳು ಒಂದು ತುದಿಯಲ್ಲಿ ಕೂತಿದ್ದರು. ಅಳುವುದಾದರೆ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅಳುವುದು ಅವಳ ಚಿಕ್ಕಂದಿನ ರೂಢಿ. ಎದ್ದು ಹತ್ತಿರ ಹೋದಳು.

ಅಕ್ಕ ಕೈ ಅಡ್ಡ ಹಿಡಿದಳು. "ಅಮ್ಮನ ತಲೆ ತೆರೆಸಿ ನೋಡಬೇಕು."

"ಏನು?"

"ಊರಲ್ಲಿರೋರ ಅಮ್ಮಂದಿರ ಮಿದುಳೆಲ್ಲ ದಾನ ಕೊಡಿ, ವಿಜ್ಞಾನಕ್ಕೆ ಬೇಕು ಅಂತ ಟೀವೀಲಿ ಕೂತು ಹೇಳ್ತೀಯಲ್ಲ. ಈಗ ನಿನ್ನ ಅಮ್ಮಂದು ಕೊಡು. ಅವಳಿಗೆ ಏನಾಗಿತ್ತು ಅಂತ ನನಗೆ ಗೊತ್ತಾಗಬೇಕು."

"ಏನಾಗಿತ್ತು ಅಂತ ಗೊತ್ತಿದೆಯಲ್ಲ ಅಕ್ಕ. ಪಾಪ, ಅಮ್ಮನ್ನ ಇನ್ನು ಬಿಟ್ಟುಬಿಡೋಣ."

"ಬಿಡು ಅಂದಾಗ ಬಿಟ್ಟೆಯಾ ನೀನು?" ಅಕ್ಕನ ದನಿ ಏರಿತು; ಪಡಸಾಲೆಯ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. "ನಿಮ್ಮ ಆಫೀಸಲ್ಲಿ ಒಬ್ಬ ಇದ್ದಾನಂತಲ್ಲ, ನಿನ್ನ ಕಂಡರೆ ಆಗದೋನು. ಪೇಪರಲ್ಲಿ ಬರೀತಾನೆ, ಡಾಕ್ಟರು ಹೇಳೋದೆಲ್ಲ ನಿಜ ಅಲ್ಲ ಅಂತ. ಅವನೇ ನೋಡಬೇಕು. ನಿನ್ನ ಕಡೆಯೋರು ಯಾರೂ ಮುಟ್ಟಕೂಡದು."

ಅವಳು ಬೇಡ ಎನ್ನುವಂತಿರಲಿಲ್ಲ. ದಾನ ಕೊಡಿ ಎಂದು ಅವಳು ಎಷ್ಟು ಮನೆಗಳ ಬಾಗಿಲಲ್ಲಿ ನಿಂತಿರಲಿಲ್ಲ! ದುಃಖದಲ್ಲಿ ಮುಳುಗಿದ ಎಷ್ಟು ಗಂಡುಮಕ್ಕಳ, ಹೆಣ್ಣುಮಕ್ಕಳ ಮುಂದೆ ನಯವಾಗಿ, ಇನ್ನು ತಡಮಾಡಿದರೆ ಅಂಗಾಂಶ ಕೆಡುತ್ತದೆ ಎಂದು ಹೇಳಿರಲಿಲ್ಲ! ಆ ಮಾತು ಈಗ ಅವಳಿಗೇ ಅನ್ವಯಿಸುತ್ತಿತ್ತು. ನೆಲಮಾಳಿಗೆಗೆ ಅವಳೇ ಫೋನು ಮಾಡಿದಳು.

"ಎಷ್ಟು ಹೊತ್ತಾಯ್ತು?" ಎಂದ ಗರಗಸ. ಹೇಳಿದಳು. "ಕಳಿಸಿ," ಎಂದು ಫೋನಿಟ್ಟ. ಪಾಪ ಎನ್ನಲಿಲ್ಲ, ಛೇ ಎನ್ನಲಿಲ್ಲ.

ಮಿದುಳನ್ನು ರಾಸಾಯನಿಕದಲ್ಲಿ ಕೆಲವು ವಾರ ನೆನೆಹಾಕಿ ಗಟ್ಟಿ ಮಾಡಿದ ಮೇಲೆಯೇ ಕತ್ತರಿಸಲು ಬರುವುದು. ಆ ವಾರಗಳಲ್ಲಿ ಅವಳು ಲಿಫ್ಟು ಹತ್ತುವಾಗಲೆಲ್ಲ ನೆಲಮಾಳಿಗೆಯ ಗುಂಡಿಯ ಕಡೆ ಕಣ್ಣು ಹೋಗುತ್ತಿತ್ತು. ತನ್ನ ಕಾಲ ಕೆಳಗೆ, ಬಿಳಿ ಬಕೆಟ್ಟೊಂದರಲ್ಲಿ, ದಾರಕ್ಕೆ ತೂಗುಬಿದ್ದು ಅಮ್ಮನ ಮಿದುಳು ತೇಲುತ್ತಿದೆ. ಅವಳು ಇಂಥ ಬಕೆಟ್ಟುಗಳ ಪಕ್ಕದಲ್ಲಿ ನಿಂತು ಕಾಫಿ ಕುಡಿದವಳು. ಈಗ ಮನೆಗೆ ಹೋಗಿ ಸೀರೆಯ ಸೆರಗಿನಲ್ಲಿ ಆ ರಾಸಾಯನಿಕದ ಘಾಟು ಹುಡುಕುತ್ತಿದ್ದಳು. ಅಕ್ಕನಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅಂತ್ಯಕ್ರಿಯೆಯಲ್ಲೂ ಅವರು ಎರಡು ಬೇರೆ ಮನೆಯವರ ಹಾಗೆ ನಿಂತಿದ್ದರು.

ಕೊನೆಗೆ ಒಂದು ಮಧ್ಯಾಹ್ನ ಗರಗಸ ಬರಹೇಳಿದ. ಅವಳು ಮೆಟ್ಟಿಲಿಳಿದು ಹೋದಳು. ಉದ್ದನೆಯ ಕೋಣೆ, ಕಿಟಕಿಯಿಲ್ಲ, ಒಂದು ಬದಿ ಉಕ್ಕಿನ ಮೇಜು, ಇನ್ನೊಂದು ಬದಿ ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ. ಅವನು ಕೂರಲು ಹೇಳಲಿಲ್ಲ.

"ಗರಣೆ ಇಲ್ಲ," ಎಂದ.

"ಕರಗಿರಬೇಕು. ಔಷಧಿ ಕೊಟ್ಟಿದ್ವಲ್ಲ. ಅಂದ್ರೆ ಕೆಲಸ ಮಾಡಿದೆ."

"ಬರ್ತೀರಿ ಅಂತ ಗೊತ್ತಿತ್ತು ಈ ಮಾತಿಗೆ." ಅವನು ಒಂದು ಗಾಜಿನ ಪಟ್ಟಿ ಜೋಡಿಸಿದ. "ಕರಗಿದ್ರೆ ಗುರುತು ಉಳಿಯುತ್ತೆ. ಅದು ನಿಮಗೇ ಗೊತ್ತು, ನೀವೇ ಬರೆದಿದ್ದೀರಿ. ಗರಣೆ ಜೊತೆ ಜೀವಕೋಶದೊಳಗೆ ಬರೋ ಸಿಕ್ಕುಗಂಟುಗಳಾದ್ರೂ ಇರಬೇಕಿತ್ತು, ವಯಸ್ಸಿಗೆ ಬರೋಷ್ಟು ಮಾತ್ರ ಇವೆ. ಹಿಪೊಕ್ಯಾಂಪಸ್ ನೋಡಿ. ಒಣಗಿದ ಅಂಜೂರದ ಹಾಗಾಗಿದೆ. ಒಳಗೆಲ್ಲ ಬೇರೆ ಪ್ರೋಟೀನು. ತುಂಬಾ ವಯಸ್ಸಾದೋರಲ್ಲಿ ಬರೋದು, ನೋಡೋಕೆ ಥೇಟ್ ಅಲ್ಝೈಮರ್ ಥರ ಇರುತ್ತೆ. ನಾನು ಇಷ್ಟು ವರ್ಷದಿಂದ ಬಡ್ಕೊಳ್ತಾ ಇರೋ ಕಾಯಿಲೆ."

ಹಿಪೊಕ್ಯಾಂಪಸ್ ಎಂದರೆ ಹೊಸ ನೆನಪು ನೆಲೆಯೂರುವ ಜಾಗ. ಅವಳು ಬಗ್ಗಿ ಕಣ್ಣಿಟ್ಟಳು. ಕಂದು ಬಣ್ಣದ ಚುಕ್ಕಿಗಳು ಇರಬಾರದ ಜಾಗದಲ್ಲಿದ್ದವು. ಇರಬೇಕಾದ ಗರಣೆ ಎಲ್ಲೂ ಇರಲಿಲ್ಲ.

"ಇನ್ನೊಂದು," ಎಂದ ಅವನು. "ರಕ್ತ ಸೋರಿರೋ ಕಲೆಗಳಿವೆ. ಹೊಸವು, ಹಳೆಯವು. ಎಡಗೈ ಆಡಿಸೋ ಭಾಗದ ಹತ್ತಿರ ಒಂದು ಸ್ವಲ್ಪ ದೊಡ್ಡದೇ ಇದೆ."

"ನಿಮ್ಮ ಬಣ್ಣ ಸರಿಯಾಗಿ ಹಿಡಿದಿಲ್ಲ," ಎಂದಳು ಅವಳು. "ನಿಮಗೆ ಮೊದಲಿಂದಲೂ ನನ್ನ ಮೇಲೆ ಹಗೆ. ಇಂಥ ಒಂದು ಅವಕಾಶಕ್ಕೇ ಕಾದಿದ್ರಿ."

ಗರಗಸ ಅವಳನ್ನು ದುರುಗುಟ್ಟಿ ನೋಡಿದ. "ಹಗೆ ಇದೆ. ಯಾರು ಇಲ್ಲ ಅಂದ್ರು? ಆದ್ರೆ ಹಗೆಗೆ ಬಣ್ಣ ಹಾಕೋಕೆ ಬರಲ್ಲ ಮೇಡಂ." ಅವನು ಹೋಳುಗಳಿದ್ದ ತಟ್ಟೆಯನ್ನೇ ಅವಳ ಕಡೆ ತಳ್ಳಿದ. "ತಗೊಂಡು ಹೋಗಿ. ನಿಮ್ಮ ಕೈಯಾರೆ ಹಾಕಿ ನೋಡಿ."

ತೆಗೆದುಕೊಂಡು ಹೋದಳು. ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕಳಿಸಿ, ಬಾಗಿಲು ಹಾಕಿ, ಹರೆಯದಲ್ಲಿ ಕಲಿತ ಕೆಲಸವನ್ನು ಮತ್ತೆ ಕೈಗೆ ಹಚ್ಚಿದಳು. ಹೋಳನ್ನು ಕೂದಲಿಗಿಂತ ತೆಳುವಾಗಿ ಸೀಳುವುದು, ನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿಕೊಳ್ಳುವುದು, ಬಣ್ಣಕ್ಕೆ ಅದ್ದುವುದು, ತೊಳೆಯುವುದು. ಪಕ್ಕದಲ್ಲಿ ಹೋಲಿಕೆಗೆಂದು ಬೇರೊಬ್ಬ ರೋಗಿಯ ಹೋಳಿಗೂ ಅದೇ ಬಣ್ಣ ಹಾಕಿದಳು. ಆ ಅಪರಿಚಿತನ ಮಿದುಳಿನಲ್ಲಿ ಗರಣೆಗಳು ಚೆಲ್ಲಿದ ಕಾಳಿನ ಹಾಗೆ ಎದ್ದು ಕಂಡವು. ಅಮ್ಮನದು ಖಾಲಿ. ಬಣ್ಣದ ಹೊಸ ಸೀಸೆ ತೆರೆದು ಮತ್ತೆ ಹಾಕಿದಳು. ಬೇರೆ ಜಾಗದ ಹೋಳು ತೆಗೆದಳು. ಖಾಲಿ.

ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಗರಗಸನ ಮೇಲೆ, ಮಸುಕಾದ ಸ್ಕ್ಯಾನಿನ ಮೇಲೆ, ಬಾಯಿ ಮುಚ್ಚಿಕೊಂಡು ಬರೆದುಕೊಟ್ಟ ಶಿಷ್ಯನ ಮೇಲೆ. ಸುಮ್ಮನೆ ಮಲಗದ ಅಮ್ಮನ ಮೇಲೂ ಒಂದು ಗಳಿಗೆ ಸಿಟ್ಟು ಬಂತು. ಆ ಸಿಟ್ಟು ಎಲ್ಲ ಕಡೆ ಸುತ್ತಿ, ಎಲ್ಲೂ ನಿಲ್ಲಲು ಜಾಗ ಸಿಗದೆ ವಾಪಸು ಬಂತು. ಕರಗಿಸಲು ಏನೂ ಇಲ್ಲದ ತಲೆಗೆ ಅವಳು ಕರಗಿಸುವ ಮದ್ದು ಹಾಕಿಸಿದ್ದಳು. ಒಳಿತು ಮಾಡುವ ಸಾಧ್ಯತೆಯೇ ಇಲ್ಲದ ಕಡೆ ಕೆಡುಕನ್ನು ಮಾತ್ರ ಇಳಿಸಿದ್ದಳು. ಇನ್ನೊಂದು ಸಲ ಸ್ಕ್ಯಾನ್ ಮಾಡಿದ್ದರೆ ಗರಣೆಯಿಲ್ಲವೆಂದು ಅಂದೇ ಗೊತ್ತಾಗುತ್ತಿತ್ತು. ಬಣ್ಣದ ತಟ್ಟೆಗಳ ನಡುವೆ ತಲೆಯಿಟ್ಟು ಅವಳು ಅತ್ತಳು.

ಅಕ್ಕನ ಮನೆಗೆ ಹೋದಾಗ ಬಾಗಿಲು ತೆರೆದ ಅಕ್ಕ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಹೊಸಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಸ್ಕ್ಯಾನ್ ಮತ್ತೆ ಮಾಡೋಣವೆಂದು ಶಿಷ್ಯ ಹೇಳಿದ್ದು, ತಾನು ಬೇಡವೆಂದದ್ದು. ಈ ಮಾತು ಅಕ್ಕನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ತಲೆನೋವು ಆ ಔಷಧಿಯಿಂದಲೇ ಬಂತಾ?"

"ಹೌದು."

"ಬಚ್ಚಲಲ್ಲಿ ಬಿದ್ದಿದ್ದು?"

"ಇರಬಹುದು. ಇರಬಹುದು ಅಲ್ಲ, ಹೌದು ಅನ್ನಿಸುತ್ತೆ."

"ಏನೂ ಹಾಕದೆ ಸುಮ್ಮನೆ ಬಿಟ್ಟಿದ್ರೆ?"

"ಮರೆವು ಹೆಚ್ಚಾಗ್ತಾನೇ ಇರ್ತಿತ್ತು. ಆದ್ರೆ ನೋವಿರ್ತಿರಲಿಲ್ಲ."

ಅಕ್ಕ ಬಾಗಿಲ ಚೌಕಟ್ಟಿಗೆ ಕೈ ಊರಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಅವಳು ನರಳೋವಾಗ ನಾನೇನು ಹೇಳ್ತಿದ್ದೆ ಗೊತ್ತಾ? ತಡ್ಕೋ ಅಮ್ಮ, ನಿನ್ನ ಚಿಕ್ಕ ಮಗಳು ಕಂಡುಹಿಡಿದ ಔಷಧಿ ಇದು, ವಾಸಿ ಆಗುತ್ತೆ ಅಂತ. ನಿನ್ನ ಮಾತನ್ನ ನನ್ನ ಬಾಯಲ್ಲಿ ಹೇಳಿಸಿದೆ ನೀನು. ನನ್ನೂ ಅದರಲ್ಲಿ ಸೇರಿಸಿಕೊಂಡೆ."

"ಅಕ್ಕ, ತಪ್ಪಾಯ್ತು."

"ಗೊತ್ತಾಯ್ತು. ಹೋಗು ಈಗ."

ಬಾಗಿಲನ್ನು ಅಕ್ಕ ಬಡಿದು ಮುಚ್ಚಲಿಲ್ಲ. ಮೆಲ್ಲಗೆ ಮುಚ್ಚಿ, ಒಳಗಿಂದ ಚಿಲಕ ಹಾಕಿದಳು.

ಕೆಲವು ತಿಂಗಳ ನಂತರ ಇವರ ಕ್ಷೇತ್ರದ ದೊಡ್ಡ ಸಮ್ಮೇಳನ ಬಂತು. ಗರಗಸ ಅಮ್ಮನ ಪ್ರಕರಣವನ್ನು ವೇದಿಕೆ ಮೇಲೆ ಎತ್ತಿ ಆಡುತ್ತಾನೆ, ತನ್ನನ್ನು ಎಲ್ಲರ ಮುಂದೆ ಹರಿದು ಹಾಕುತ್ತಾನೆ ಎಂದೇ ಅವಳು ಎಣಿಸಿದ್ದಳು. ಅವನಿಗಿಂತ ಮೊದಲು ಅವಳೇ ಎದ್ದಳು. ಇಲಿಗಳ ಚಿತ್ರದ ಬದಲು ಆ ಖಾಲಿ ಹೋಳಿನ ಚಿತ್ರವನ್ನು ಪರದೆಗೆ ಹಾಕಿ, ಇದು ನನ್ನ ತಾಯಿಯ ಮಿದುಳು, ರೋಗ ಹೇಳಿದವಳು ನಾನು, ಔಷಧಿ ಹಾಕಿಸಿದವಳು ನಾನು ಎಂದಳು. ಸ್ಕ್ಯಾನಿನ ವಿಷಯವನ್ನೂ ಹೇಳಿದಳು. ಗರಣೆ ಇದೆಯೆಂದು ಖಚಿತವಾಗದೆ ವಯಸ್ಸಾದ ಒಬ್ಬರಿಗೂ ಇದನ್ನು ಕೊಡಕೂಡದು, ನಮ್ಮಲ್ಲಿ ಎಷ್ಟೋ ಜನ ಹೀಗೆ ಕೊಡುತ್ತಿದ್ದೇವೆ, ಅದು ಎಲ್ಲರಿಗೂ ಗೊತ್ತು ಎಂದಳು.

ಚಪ್ಪಾಳೆ ಬೀಳಲಿಲ್ಲ. ಇಷ್ಟು ವರ್ಷ ಅವಳ ಬೆನ್ನಿಗಿದ್ದವರೇ ಮೊದಲು ಎದ್ದು ನಿಂತರು. ಒಬ್ಬ ಹಿರಿಯ, "ಒಂದು ಸಾವಿನ ದುಃಖದಲ್ಲಿ ಇಡೀ ಚಿಕಿತ್ಸೆಗೆ ಮಸಿ ಬಳೀತಾ ಇದ್ದೀರಿ," ಎಂದ. ಇನ್ನೊಬ್ಬಳು, ಅವಳ ಜೊತೆ ಹತ್ತಾರು ಲೇಖನ ಬರೆದವಳು, "ನಿಮ್ಮ ಎಡವಟ್ಟಿಗೆ ನಾವೆಲ್ಲ ಯಾಕೆ ತಲೆ ತಗ್ಗಿಸಬೇಕು?" ಎಂದು ಕೇಳಿದಳು. ಹೊರಗೆ ಕಾಫಿ ಮೇಜಿನ ಹತ್ತಿರ ಅವಳು ಹೋದ ಕಡೆಯಲ್ಲೆಲ್ಲ ಜನ ಚದುರಿದರು. ಶಿಷ್ಯ ದೂರದಿಂದಲೇ ನೋಡಿ ಕಂಬದ ಹಿಂದೆ ಸರಿದುಕೊಂಡ. ಅವನ ಆಸ್ಪತ್ರೆಯಲ್ಲಿ ಅವನ ಮೇಲೂ ವಿಚಾರಣೆ ಶುರುವಾಗುವುದಿತ್ತು.

ಗರಗಸ ಮಾತ್ರ ಲೋಟ ಹಿಡಿದು ಎದುರಿಗೇ ಬಂದ.

"ನಾನು ಹೇಳೋದಿತ್ತು ಅದನ್ನ. ನೀವೇ ಹೇಳಿ ನನ್ನ ಬಾಯಿ ಕಟ್ಟಿದ್ರಿ," ಎಂದ.

"ನಿಮಗೆ ಆ ಸುಖ ಯಾಕೆ ಕೊಡಲಿ?"

"ಸರಿಯೇ." ಅವನು ಕಾಫಿ ಹೀರಿದ. "ಬದುಕಿದ್ದಾಗಲೇ ಈ ಎರಡು ಕಾಯಿಲೆಗಳನ್ನ ಬೇರೆ ಮಾಡಿ ತೋರಿಸೋ ಒಂದು ಪರೀಕ್ಷೆ ಬೇಕು. ರಕ್ತದಲ್ಲೋ, ಬೆನ್ನುಹುರಿ ನೀರಲ್ಲೋ. ನನ್ನ ಹತ್ತಿರ ಮಿದುಳುಗಳಿವೆ, ಅವರದೇ ಹಳೇ ರಕ್ತದ ಮಾದರಿಗಳಿವೆ. ರಕ್ತದಲ್ಲಿ ಪ್ರೋಟೀನು ಹುಡುಕೋ ಕೈ ನನಗಿಲ್ಲ. ನಿಮಗಿದೆ. ಕರುಣೆಯಿಂದ ಕರೀತಾ ಇದ್ದೀನಿ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ಮತ್ತೆ, ಶೈತ್ಯಕೋಣೆಗೆ ಅಂತ ನಾನು ಕೇಳಿದ್ದ ಆ ಜಾಗ ಬೇಕು."

ಅವಳು ಇಲಿಗಳನ್ನು ಖಾಲಿ ಮಾಡಿಸಿ ಕೋಣೆ ಬಿಟ್ಟುಕೊಟ್ಟಳು. ಅವಳ ಪ್ರಯೋಗಾಲಯದ ಹುಡುಗರಲ್ಲಿ ಅರ್ಧಕ್ಕರ್ಧ ಬೇರೆಡೆ ಹೊರಟುಹೋದರು. ಮುಳುಗುತ್ತಿರುವ ಹೆಸರಿನ ಜೊತೆ ಯಾರು ನಿಲ್ಲುತ್ತಾರೆ? ಉಳಿದವರನ್ನು ಕಟ್ಟಿಕೊಂಡು ಅವಳು ನೆಲಮಾಳಿಗೆಯ ಜೊತೆ ಕೆಲಸ ಶುರುಮಾಡಿದಳು. ಇಬ್ಬರಿಗೂ ಸ್ನೇಹವೇನೂ ಬೆಳೆಯಲಿಲ್ಲ. ಅವನು ಅವಳ ಅಂಕಿಅಂಶಗಳನ್ನು ಕಂಡು ಮೂಗು ಮುರಿಯುತ್ತಿದ್ದ, ಅವಳು ಅವನ ಅಕ್ಷರವನ್ನು ಕಂಡು ಮೂಗು ಮುರಿಯುತ್ತಿದ್ದಳು. ಲಿಫ್ಟಿನಲ್ಲಿ ಮಾತ್ರ ಈಗ ಒಟ್ಟಿಗೆ ಹೋಗುತ್ತಿದ್ದರು, ಜಗಳ ಅರ್ಧಕ್ಕೆ ನಿಲ್ಲಿಸಲಾಗದೆ. ಪರೀಕ್ಷೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಹತ್ತಿರ ಬಂದಿದೆ, ಜಾರುತ್ತದೆ, ಮತ್ತೆ ಹತ್ತಿರ ಬರುತ್ತದೆ.

ಆ ಅಧ್ಯಯನಕ್ಕೆ ಆರೋಗ್ಯವಾಗಿರುವ ವಯಸ್ಸಾದವರೂ ಬೇಕಿತ್ತು. ವರ್ಷಕ್ಕೊಮ್ಮೆ ಬಂದು ರಕ್ತ ಕೊಟ್ಟು, ನೆನಪಿನ ಪರೀಕ್ಷೆ ಮಾಡಿಸಿಕೊಂಡು, ಸತ್ತ ಮೇಲೆ ಮಿದುಳು ಕೊಡಲು ಒಪ್ಪುವವರು. ಒಂದು ದಿನ ಗರಗಸ ಬಂದು, "ನಿಮ್ಮಕ್ಕ ಹೆಸರು ಕೊಟ್ಟಿದ್ದಾರೆ," ಎಂದ.

ಅವಳು ಕೆಲಸ ಬಿಟ್ಟು ತಿರುಗಿದಳು. "ಏನಾದರೂ ಹೇಳಿದ್ರಾ?"

"ಹೇಳಿದ್ರು. ತಲೆ ನನಗೆ ಬರೆದುಕೊಡ್ತಾರಂತೆ. ನಿಮಗಲ್ಲವಂತೆ. ಅದನ್ನ ಬಿಡಿಸಿ ಬಿಡಿಸಿ ಹೇಳಿದ್ರು."

ಅಕ್ಕ ವರ್ಷಕ್ಕೊಮ್ಮೆ ಬರತೊಡಗಿದಳು. ನೆಲಮಾಳಿಗೆಗೆ ಇಳಿದು, ಕೆಲಸ ಮುಗಿಸಿ, ಮೇಲಿನ ಮಹಡಿಯ ಕಡೆ ತಲೆಯೆತ್ತಿಯೂ ನೋಡದೆ ಹೋಗಿಬಿಡುತ್ತಿದ್ದಳು. ಮೊದಲ ಸಲ ತಂಗಿ ಕಿಟಕಿಯಿಂದ ನೋಡಿ ಸುಮ್ಮನಾದಳು. ಅದರ ಮುಂದಿನ ವರ್ಷ ಮನಸ್ಸು ತಡೆಯದೆ ಇಳಿದು ಹೋಗಿ ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಅಕ್ಕನ ಪಕ್ಕ ನಿಂತಳು. ಅಕ್ಕ ಸ್ವಲ್ಪ ಸೊರಗಿದ್ದಳು. ಬೆನ್ನು ಮಾತ್ರ ಹಾಗೇ ನೆಟ್ಟಗಿತ್ತು. ತೋಳಿನಲ್ಲಿ ರಕ್ತ ತೆಗೆದ ಜಾಗಕ್ಕೆ ಹತ್ತಿಯ ಪಟ್ಟಿ.

"ಹೇಗಾಯ್ತಕ್ಕ?"

ಅಕ್ಕ ರಸ್ತೆಯನ್ನೇ ನೋಡುತ್ತಿದ್ದಳು. "ಪದಗಳೆಲ್ಲ ನೆನಪಿದ್ವು. ಗಡಿಯಾರನೂ ಬರೆದೆ. ಆ ಹುಡುಗಿ ಹೇಳಿದ್ಲು, ವಯಸ್ಸಿಗೆ ತುಂಬಾ ಚೆನ್ನಾಗಿದೆ ನೆನಪು ಅಂತ."

"ಒಳ್ಳೇದಾಯ್ತು."

"ಒಳ್ಳೇದೇನು ಬಂತು? ನೀನು ಮಾಡಿದ್ದೂ ನೆನಪಿದೆ."

ಬಸ್ಸು ಬಂತು. ಅವಳು ಬ್ಯಾಗು ಹಿಡಿದುಕೊಳ್ಳಲು ಕೈ ಚಾಚಿದಳು. ಅಕ್ಕ ಬ್ಯಾಗನ್ನು ಆ ಕಡೆಯ ಹೆಗಲಿಗೆ ದಾಟಿಸಿ, ಕಂಬಿ ಹಿಡಿದು ಹತ್ತಿದಳು. ತಂಗಿ ನಿಂತಿದ್ದ ಬದಿಯಲ್ಲಿ ಕಿಟಕಿ ಪಕ್ಕದ ಸೀಟೊಂದು ಖಾಲಿಯಿತ್ತು. ಅಕ್ಕ ಅದನ್ನು ದಾಟಿ ಹೋಗಿ ಆಚೆ ಬದಿಯಲ್ಲಿ ಕೂತಳು.